ಯಾರಿಗೂ ಕೊಡದ ನಂಬರು

ಬಾಷಾ ಸಾರ್,

ನಮ್ಮ ಕೋಲಾರದ ಕಾಲೇಜು ಲ್ಯಾಬಿಗೆ ಯುನಿಕ್ಸ್ ಸರ್ವರ್, ಎಲ್ಲರೂ ಹಂಚಿಕೊಳ್ಳುವ ಆ ದೊಡ್ಡ ಕಂಪ್ಯೂಟರು, ಬಂದ ದಿನ ನೆನಪಿದೆಯೇ? ಮುಳಬಾಗಿಲು ಬಸ್ಸಿಳಿದು ಬಂದವರು ಕಾಫಿಯನ್ನೂ ಕುಡಿಯದೆ ಎಲ್ಲರ ಅಕೌಂಟು ಮಾಡಲು ಕೂತಿರಿ. ಹುಡುಗರಿಗೆಲ್ಲ ಸೇರಿ ಒಂದು, ಮೇಷ್ಟ್ರುಗಳಿಗೆ ಒಂದೊಂದು, ಲ್ಯಾಬ್ ಅಸಿಸ್ಟೆಂಟಾದ ನನಗೂ ಒಂದು. "ಸಾರ್, ನಿಮ್ದು?" ಎಂದರೆ, "ಇರ್ಲಿ ಬಿಡು ಗಿರಿಜಮ್ಮಾ, ನಂದೇನ್ ಅವಸರ, ಕೊನೇಗ್ ಮಾಡ್ಕೊತೀನಿ" ಎಂದಿರಿ. ಹಾಗಾಗಿ ನಿಮಗೆ ಸಿಕ್ಕಿದ್ದು ಕಟ್ಟಕಡೆಯ ನಂಬರು, 1014. ಹೆಸರು ನಮ್ಮ ಅನುಕೂಲಕ್ಕೆ, ಯಂತ್ರ ಗುರುತು ಹಿಡಿಯುವುದು ನಂಬರಿನಿಂದಲೇ ಎಂದು ಹೇಳಿಕೊಟ್ಟವರೂ ನೀವೇ.

ಹೇಳಿಕೊಟ್ಟಿದ್ದು ನನ್ನ ತಲೆಯಲ್ಲಿ ಉಳಿದಿದ್ದರೆ ತಾನೆ! ನೀವು ಹೋದ ಮೇಲೆ ಆಫೀಸಿನವರು ನಿಮ್ಮ ಅಕೌಂಟು ತೆಗೆಯಿರಿ ಎಂದರು, ತೆಗೆದೆ. ಫೈಲುಗಳು ಉಳಿದವು. ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು ಹೋಗಿ ಬರೀ 1014 ಕಂಡಿತು. ಹೋದ ತಿಂಗಳು ಶ್ರೀನಿವಾಸಪುರದಿಂದ ಸುನೀತಾ ಎಂಬ ಹೊಸ ಮೇಡಂ ಬಂದರು. ಅವರಿಗೆ ಅಕೌಂಟು ಮಾಡಿದರೆ, ಯಂತ್ರ 1013ರ ಮುಂದೆ ಖಾಲಿಯಿದೆ ಎಂದು ನಿಮ್ಮ ನಂಬರನ್ನೇ ಕೊಟ್ಟುಬಿಟ್ಟಿತು. "ಗಿರಿಜಕ್ಕಾ, ಇಲ್ಲಿ ಕನ್ನಡದಲ್ಲಿ ಏನೇನೋ ಪಾಠ ಇದೆ, ಎಲ್ಲಾ ನನ್ ಹೆಸ್ರಲ್ಲಿ ತೋರಿಸ್ತಿದೆ. ನಾನ್ ಬರ್ದಿದ್ದಲ್ಲ. ಅಳಿಸ್ಬಿಡ್ಲಾ?" ಎಂದರು. ವರ್ಷಗಟ್ಟಲೆ ಕೂತು ನೀವು ಬರೆದ ಪಾಠಗಳು ಸಾರ್! "ಬೇಡ ಮೇಡಂ, ಮುಟ್ಬೇಡಿ!" ಎಂದು ಕೂಗಿಯೇಬಿಟ್ಟೆ.

ನೀವು ಕೊನೆಗೆ ಬರೆಯುತ್ತಿದ್ದ ಪಾಠವನ್ನು ಅವತ್ತು ಇಬ್ಬರೂ ಓದಿದೆವು. ಅದೂ ಈ ನಂಬರುಗಳದ್ದೇ. ಸೊನ್ನೆ ಇಡೀ ಯಂತ್ರದ ಯಜಮಾನನಿಗೆ. ಹಳೆಯ ಯಂತ್ರಗಳಲ್ಲಿ ಎಣಿಕೆ 65535ಕ್ಕೆ ಮುಗಿಯುತ್ತಿತ್ತು. 65534 ಸಾಮಾನ್ಯವಾಗಿ 'ನೋಬಡಿ', ಅಂದರೆ 'ಯಾರೂ ಅಲ್ಲ' ಎಂಬ ಹೆಸರಿನ, ಯಾವ ಅಧಿಕಾರವೂ ಇಲ್ಲದವನಿಗೆ. ಈಗಿನವುಗಳಲ್ಲಿ ನಾನೂರು ಕೋಟಿಗೂ ಮೀರಿ ಜಾಗವಿದೆಯಂತೆ. ಅಷ್ಟು ಜಾಗವಿರುವಾಗ ನಿಮ್ಮದೊಂದನ್ನು ಖಾಲಿ ಮಾಡಿಸಲು ನನಗೇನು ಬಂದಿತ್ತು? ಆಮೇಲೆ ಕೊನೆಯ ಸಾಲು: "65535ನ್ನು ಮಾತ್ರ ಯಾರಿಗೂ ಕೊಡುವುದಿಲ್ಲ, ಯಾಕೆಂದರೆ". ಅಷ್ಟೇ. ಬಸ್ಸಿಗೆ ಹೊತ್ತಾಯಿತೆಂದು ಎದ್ದಿರಾ? ಇಲ್ಲಾ, ಆವತ್ತೇ ನಿಮಗೆ ಎದೆನೋವು...

ಏನಾದರೂ ಕೇಳಿದರೆ "ಹುಡ್ಕು, ಸಿಗ್ತದೆ" ಎನ್ನುತ್ತಿದ್ದಿರಲ್ಲ, ಹಾಗೇ ಹುಡುಕಿದೆವು. ಸುನೀತಾ ಮೇಡಂಗೆ ನನಗಿಂತ ಹೆಚ್ಚು ಹುಚ್ಚು, ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಮೂರನೆಯ ದಿನ ಸಿಕ್ಕಿತು ಸಾರ್. ಫೈಲಿನ ಮಾಲೀಕರನ್ನು ಬದಲಿಸುವ ಕಡೆ ಹೊಸ ನಂಬರಿನ ಬದಲು ಮೈನಸ್ ಒಂದು ಎಂದು ಕೊಟ್ಟರೆ, ಇದ್ದವರೇ ಇರಲಿ ಎಂದು ಅರ್ಥ. ಹಳೆಯ ಯಂತ್ರದೊಳಗೆ ಸೊನ್ನೆಯಿಂದ ಒಂದು ಹಿಂದೆ ಹೋದರೆ ಎಣಿಕೆ ಸುತ್ತಿ ಕಟ್ಟಕಡೆಗೆ ಬರುತ್ತದೆ, ಹಾಗಾಗಿ ಆ ಮೈನಸ್ ಒಂದು, 65535 ಎರಡೂ ಒಂದೇ. ಅದನ್ನು ಯಾರಿಗಾದರೂ ಕೊಟ್ಟರೆ ಅವರ ಹೆಸರಿಗೆ ಫೈಲು ಬರೆದುಕೊಡಲು ಆಗುವುದೇ ಇಲ್ಲ! ನೀವು ಬರೆಯಲಿದ್ದದ್ದು ಇದೇ ತಾನೆ?

ಸುನೀತಾ ಮೇಡಂಗೆ 1015 ಕೊಟ್ಟೆ. 1014ರಲ್ಲಿ ನಿಮ್ಮ ಅಕೌಂಟು ಮತ್ತೆ ಮಾಡಿ, ಯಾರೂ ಲಾಗಿನ್ ಆಗದಂತೆ ಬೀಗ ಹಾಕಿದ್ದೇನೆ. ನಾನಿರುವ ತನಕ ಅದನ್ನು ಯಾರೂ ತೆಗೆಯುವುದಿಲ್ಲ. ಪಾಠಗಳಲ್ಲಿ ಬರೆಯಲು ಮಾತ್ರ ಮೇಡಂಗೆ ಅನುಮತಿ ಕೊಟ್ಟೆ. ನಿಮ್ಮ "ಯಾಕೆಂದರೆ" ಮುಂದೆ ಅವರು ಬರೆದು ಪಾಠ ಮುಗಿಸಿದರು. ಇವತ್ತು ಫೈಲುಗಳ ಪಟ್ಟಿ ತೆಗೆದು ಆ ಪಾಠದ ಸಾಲು ನೋಡಿದೆ. ಮಾಲೀಕರು, ಬಾಷಾ. ಕೊನೆಯ ಸಲ ಬರೆದದ್ದು, ನಿನ್ನೆ.

ನಿಮ್ಮ
ಗಿರಿಜಾ