ಗಿಲಕಿಯೊಳಗಿನ ರಾಗಿ

ತೇಲೂರು,
ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ.

ಹಿಂದಿನವರೇ,

ನಿಮ್ಮ ಮಾತು ನಮ್ಮ ಬಾಯಲ್ಲಿ ತುಸು ಬದಲಾಗಿದೆ, ಎಡವಿದಲ್ಲಿ ಮನ್ನಿಸಿ. ನಮ್ಮದು ಸಮುದ್ರದ ಮೇಲೆ ಒಂದಕ್ಕೊಂದು ಬಿಗಿದ ತೆಪ್ಪಗಳ ಊರು. ಊಟಕ್ಕೆ ‘ತಿಳಿ’ ಕುಡಿಯುತ್ತೇವೆ: ಮೈಗೆ ಬೇಕಾದುದನ್ನೆಲ್ಲ ಕರಗಿಸಿ, ಬೇಡವೆಂದು ತೋರಿದ್ದನ್ನೆಲ್ಲ ಸೋಸಿ ತೆಗೆದ ಪಾನೀಯ. ಅಗಿಯುವ ಕೆಲಸವಿಲ್ಲ. ಕುಡಿದ ಕೂಡಲೇ ಮೈ ಚಿಮ್ಮುತ್ತದೆ, ಸ್ವಲ್ಪ ಹೊತ್ತಿಗೆ ಕುಸಿಯುತ್ತದೆ. ಕುಸಿಯುವುದಕ್ಕೂ ಒಂದು ಗಂಟೆ ಹೊಡೆಯುತ್ತೇವೆ, ‘ಬೀಳುಗಂಟೆ’. ಆಗ ಊರೆಲ್ಲ ಇದ್ದಲ್ಲೇ ಮಲಗುತ್ತದೆ. ಮನುಷ್ಯನ ಸ್ವಭಾವವೇ ಇದು ಎಂದು ಈ ವಯಸ್ಸಿನವರೆಗೂ ನಾನು ನಂಬಿದ್ದೆ.

ರಾಗಿಯನ್ನೂ ಬೆಳೆಯುತ್ತೇವೆ, ಗಿಲಕಿಗಾಗಿ. ಪ್ರತಿ ಕೂಸಿಗೂ ಹೊಸ ರಾಗಿ ತುಂಬಿದ ಗಿಲಕಿ ಕೊಡುವುದು ಪದ್ಧತಿ. ಅದು ಸದ್ದಿನ ಬೀಜ. ತಿನ್ನಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ನನ್ನ ಹೆಂಡತಿ ಮಾದೇವಿ ದಡದಿಂದ ಊರಿಗೆ ದೋಣಿ ನಡೆಸುವವಳು. ಕಡಲು ಉಕ್ಕುವ ಭರತಕ್ಕೆ ನಮ್ಮ ಗಂಟೆಯ ಹಂಗಿಲ್ಲ. ಕೆಲವೊಮ್ಮೆ ಕುಸಿಯುವ ಹೊತ್ತಿನಲ್ಲೇ ಅವಳು ದೋಣಿ ತರಬೇಕು. ಕೈ ನಡುಗಿ ಎರಡು ಸಲ ದೋಣಿಯನ್ನು ಅದು ನಿಲ್ಲುವ ಕಟ್ಟೆಗೆ ಗುದ್ದಿಸಿದಳು. ಇನ್ನೊಮ್ಮೆ ಗುದ್ದಿಸಿದರೆ ಚುಕ್ಕಾಣಿ ಬೇರೆಯವರಿಗೆ ಎಂದಿತು ಊರ ಸಭೆ. ಅಂದು ಅವಳು ತನ್ನ ಕೈಗಳನ್ನು ಯಾರದೋ ಎಂಬಂತೆ ನೋಡುತ್ತ ಕುಳಿತಳು.

ಆ ವಾರವೇ ಮೊಮ್ಮಗಳು ಚಂಪಿಯ ಗಿಲಕಿ ಒಡೆಯಿತು. ಒದ್ದೆ ಬಟ್ಟೆಯ ಮೇಲೆ ಚೆಲ್ಲಿದ ರಾಗಿ ಮೊಳಕೆಯೊಡೆಯಿತು. ತಿಳಿಯ ಜೊತೆಗೆ ಅದನ್ನೂ ಬಾಯಿಗೆ ಹಾಕಿಕೊಂಡ ಮಗು, ಗಂಟೆ ಹೊಡೆದಾಗ ಮಲಗಿದ್ದ ನಮ್ಮನ್ನೆಲ್ಲ ದಾಟಿಕೊಂಡು ಕೇಕೆ ಹಾಕುತ್ತ ಓಡಾಡಿತು. ಮಾದೇವಿ ಮಲಗಿದ್ದಲ್ಲಿಂದಲೇ ಅದನ್ನು ನೋಡಿದಳು. ಮರುದಿನದಿಂದ ತಾನೂ ಒಂದು ಹಿಡಿ ಮೊಳಕೆ ಅಗಿಯತೊಡಗಿದಳು.

“ಏ ಮಾರಾಯ್ತಿ, ಕೂಸಿನ ಗಿಲಕಿ ತಿಂತಿದೀಯಲ್ಲೇ, ತೊಟ್ಟಿಲೂ ಕಟ್ಟಿಕೊಡ್ಲಾ?” ಎಂದಳು ನನ್ನಮ್ಮ.

“ಕಟ್ಟಿ ಅತ್ತೆ, ತೂಗೋಕೆ ನಿಮ್ಮ ಮಗ ಇದಾರೆ.”

ದವಡೆ ನೋಯಿತು, ಹೊಟ್ಟೆ ಗುಡುಗಿತು, ಕೈಯ ನಡುಕ ಮಾತ್ರ ನಿಂತಿತು. ವೈದ್ಯೆ ಲಲಿತೆ ವಿವರಿಸಿದಳು: ಕಾಳಿನ ನಾರು ಜೀರ್ಣವಾಗದೆ ಉಳಿದು, ಸಕ್ಕರೆಯನ್ನು ತಡೆದು ತಡೆದು ರಕ್ತಕ್ಕೆ ಬಿಡುತ್ತದಂತೆ. ಒಣಕಾಳಿನ ಸಿಪ್ಪೆ ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನೂ ಮೈಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ, ನೆನೆದು ಮೊಳೆತರೆ ಆ ಹಿಡಿತ ಸಡಿಲವಾಗುತ್ತದೆ. ಮೈಗೆ ಸೇರದೆ ಹೋಗುವ ವಸ್ತುವೊಂದು, ಸೇರುವುದೆಲ್ಲದರ ವೇಗವನ್ನು ಗೊತ್ತುಮಾಡುತ್ತದೆ! ಈ ಮಾತನ್ನು ನಾನು ಇನ್ನೂ ಅಗಿಯುತ್ತಿದ್ದೇನೆ.

ನಿನ್ನೆ ಭರತವೂ ಗಂಟೆಯೂ ಒಟ್ಟಿಗೆ ಬಂದವು. ಸಭೆಯವರು ಕಟ್ಟೆಯ ಮೇಲೆ ಸಾಲಾಗಿ ಮಲಗಿ, ಗುದ್ದಿಗಾಗಿ ಕಾದರು. ಗುದ್ದು ಕೇಳಲಿಲ್ಲ. ದೋಣಿ ಕಟ್ಟೆಯನ್ನು ಸವರಿ ನಿಂತಿತು. “ಏಳ್ರೋ, ಹಗ್ಗ ಹಿಡೀರಿ!” ಎಂದು ಮಾದೇವಿ ಕೂಗಿದಾಗ, ಏಳಲಾಗದವರೂ ಮಲಗಿದ್ದಲ್ಲೇ ನಕ್ಕರು.

ನಿಮ್ಮಲ್ಲಿ ಒಂದು ಕೋರಿಕೆ. ಏನನ್ನಾದರೂ ಸೋಸುವಾಗ, ಜರಡಿಯಲ್ಲಿ ಉಳಿದದ್ದನ್ನು ಎಸೆಯುವ ಮುನ್ನ ಒಮ್ಮೆ ನೋಡಿ. ಇಲ್ಲಿ ಈಗ ಮನೆಮನೆಯಲ್ಲೂ ಗಿಲಕಿ ಒಡೆಯುವ ಸದ್ದು. ಅಮ್ಮ ತನ್ನ ಪಾಲು ಸಾಲದೆಂದು ಜಗಳಕ್ಕೆ ನಿಂತಿದ್ದಾಳೆ.

ಅಗೋ, ಬೀಳುಗಂಟೆ ಹೊಡೆಯಿತು. ನಾನು ಬರೆಯುತ್ತಲೇ ಇದ್ದೇನೆ.

ನಿಮ್ಮ ಮುಂದಿನವ,
ಗಣಪು