ಓಡೀ ಎನ್ನಬಾರದ ಮನೆ

ಕಿಟ್ವೆ, ಜಾಂಬಿಯಾ, ಜೂನ್ ೧೪, ಶುಕ್ರವಾರ

ಆ ಕಾಲು ನಿಜವಾಗಿಯೂ ಅಲುಗಿತೇ? ಸಂಜೆಯಿಂದ ಇದೊಂದೇ ಪ್ರಶ್ನೆ ಕಾಡುತ್ತಿದೆ.

ನನ್ನ ನಾಯಿ ದಫೇದಾರನಿಗೆ ಬೆನ್ನಿನ ಡಿಸ್ಕ್ ಜಾರಿ ಹಿಂಗಾಲುಗಳು ಸೋತಿವೆ. ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗಬೇಕಾದರೆ ಗೂಡಿನೊಳಗೆ ಅಲುಗದೆ ಮಲಗಿರಬೇಕು, ಎದ್ದರೆ ಇರುವ ಆಸೆಯೂ ಹೋದೀತು ಎಂಬುದು ವೈದ್ಯರ ಕಟ್ಟಪ್ಪಣೆ. ಆದರೆ ಇಲ್ಲಿಯ ಪದ್ಧತಿಯಂತೆ ಯಾರಾದರೂ ಗೇಟಿನಲ್ಲಿ ಚಪ್ಪಾಳೆ ತಟ್ಟಿ 'ಓಡೀ', ಅಂದರೆ 'ಒಳಗೆ ಬರಲೇ', ಎಂದು ಕೂಗಿದೊಡನೆ ಅವನು ಬೊಗಳುತ್ತ ಏಳಲು ಹೆಣಗುತ್ತಾನೆ. ಆದ್ದರಿಂದ ಕೂಗದೆಯೇ ಒಳಗೆ ಬರಬೇಕೆಂದು ನೆರೆಯವರಿಗೆಲ್ಲ ತಾಕೀತು ಮಾಡಿದ್ದೆ.

ಪಕ್ಕದ ಮನೆಯ ಚೋಲಾನ ತಾಯಿ ಇಂದು ಕೂಗಿಯೇಬಿಟ್ಟರು. ಗದರಿದೆ.

“ಅಯ್ಯೋ ಟೀಚರ್ರೇ, ಓಡೀ ಅನ್ನದೆ ಇನ್ನೊಬ್ರ ಅಂಗಳಕ್ಕೆ ನುಗ್ಗೋರು ಮಾಟಗಾತೀರು ಮಾತ್ರ! ನಾಯಿ ಬೆನ್ನು ಉಳಿಸೋಕೆ ನನ್ನ ಮಾನ ತೆಗೀತೀರಾ?”

ನನ್ನ ಕಣ್ಣು ಗೂಡಿನ ಮೇಲಿತ್ತು. ಆ ಕೂಗಿಗೆ ದಫೇದಾರನ ಬಲ ಹಿಂಗಾಲು ಹಾಸಿಗೆಯನ್ನು ಒದ್ದಂತೆ ಕಂಡಿತ್ತು.

“ನೋಡಿದಿರಾ?” ಎಂದೆ.

“ನಂಗೇನೂ ಕಾಣಿಸ್ಲಿಲ್ಲಪ್ಪ.”

ಜೀವಮಾನವಿಡೀ ಶಿಸ್ತು ಬೋಧಿಸಿದವನು ನಾನು. ಆದರೂ ಈಗ ಗೂಡಿನ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಅವನಿಗೂ ನಿದ್ದೆಯಿಲ್ಲ, ನನ್ನನ್ನೇ ನೋಡುತ್ತಿದ್ದಾನೆ. ಒಂದೇ ಒಂದು ಸಲ, ಮೆಲ್ಲಗೆ, ಆ ಮಾತನ್ನು ನಾನೇ ಉಸುರಿದರೆ ಕಾಲು ಮತ್ತೆ…

ಕೂಡದು. ದೀಪ ಆರಿಸಿದರೆ ಕಾಲು ಕಾಣುವುದಿಲ್ಲ, ಆಸೆಯೂ ಅಡಗೀತು. ಆರಿಸುತ್ತೇನೆ, ಇನ್ನೊಂದು ಕ್ಷಣ ಆ ಕಾಲನ್ನು ನೋಡಿ.