ಹೊಳೆಯ ನಡುವೆ ಹೊನ್ನಾಜಮ್ಮ

೧೧-೮-೧೯೬೯, ಕೊಳ್ಳೇಗಾಲ

ಎಂಟಕ್ಕೆ ವಾಚನಾಲಯದ ಬಾಗಿಲು ತೆಗೆದೆ. ಪೇಪರ್ ಇನ್ನೂ ಬಂದಿಲ್ಲ. ಓದುಗರು ಇಬ್ಬರು. ಅದರಲ್ಲಿ ಒಬ್ಬ ಬಸ್ಸಿಗೆ ಕಾಯುವವನು.

ಮೈಸೂರಿನಿಂದ ಕಾಗದ. ಷಡಕ್ಷರಿ ಎಂಬುವರು. ಹಳ್ಳಿಯ ಹಾಡು, ಕಥೆಗಳನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಳ್ಳುತ್ತಿದ್ದಾರಂತೆ. ಹೋದ ವರ್ಷ ಒಂದು ರಷ್ಯನ್ ಕಾದಂಬರಿಯ ಅನುವಾದವನ್ನು ಇಂಗ್ಲಿಷಿನ ಜೊತೆ ಇಟ್ಟು ಓದಿ, ಕನ್ನಡದಲ್ಲಿ ಒಂದು ಅಧ್ಯಾಯವನ್ನೇ ಬಿಟ್ಟಿದ್ದಾರೆಂದು ಪತ್ರಿಕೆಗೆ ಬರೆದಿದ್ದೆ. ಅದನ್ನು ನೋಡಿ ನನ್ನ ವಿಳಾಸ ಹಿಡಿದಿದ್ದಾರೆ. "ಹೆಸರಾದವರು ಬೇಡ. ನಿಮ್ಮ ಕಡೆ ಹೊರಗಿನವರಿಗೆ ಗೊತ್ತಿಲ್ಲದ ಮೂವರನ್ನು ಸೂಚಿಸಿ. ಕಾರಣ ಕೊಡಿ."

ಯಾರಾದರೂ ಇದನ್ನು ಕೇಳಲಿ ಎಂದು ಹತ್ತು ವರ್ಷ ಕಾದಿದ್ದೇನೆ.

೧೪-೮

ಮೂರು ಸಲ ಹರಿದು ಬರೆದೆ. ಕೊನೆಗೆ ಹೀಗೆ:

ಮಹಾದೇವಮ್ಮ, ಯಳಂದೂರು. ಸೋಬಾನೆ. ದನಿ ಒರಟು. ಸಾಲಿನ ಕೊನೆಯ ಅಕ್ಷರವನ್ನು ನುಂಗುತ್ತಾರೆ, ಅದೇ ಚೆಂದ.

ಕೆಂಪನಂಜಪ್ಪ, ಹನೂರು. ತಂಬೂರಿ, ತತ್ವಪದ. ಪದ ಮರೆಯುತ್ತಾನೆ, ಬೆರಳು ಮರೆಯುವುದಿಲ್ಲ.

ನಿಂಗಯ್ಯ, ಲೊಕ್ಕನಹಳ್ಳಿ. ಕಥೆ ಹಾಡುವವನು. ಹೊನ್ನಾಜಮ್ಮನ ಕಥೆ ಈಗ ಇವನೊಬ್ಬನಿಗೇ ಬರುವುದು. ಅಳುವ ಜಾಗದಲ್ಲಿ ಅಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಕೊಂಡು ಹೋಗುತ್ತಾನೆ, ಅಳು ನಮಗೆ ಬರುತ್ತದೆ. ಒಬ್ಬರನ್ನೇ ಕೇಳುವುದಾದರೆ ಇವನನ್ನು ಕೇಳಿ.

ಕೊನೆಯ ವಾಕ್ಯಕ್ಕೆ ಅಡಿಗೆರೆ ಹಾಕಿದೆ. ಹಾಗೆಲ್ಲ ಹಾಕುವವನಲ್ಲ.

೫-೧೦, ಲೊಕ್ಕನಹಳ್ಳಿ

ಬೆಳಗಿನ ಬಸ್ಸಿಗೆ ಷಡಕ್ಷರಿಯವರ ಜೊತೆ ಬಂದೆ. ಮೆಷಿನ್ನು ಅವರ ತೊಡೆಯ ಮೇಲೆ, ಮಗುವಿನ ಹಾಗೆ. ಒಳ್ಳೆಯ ಮನುಷ್ಯ. ಚಿಕ್ಕವರು. ನಾನು ಓದಿದ್ದೆಲ್ಲ ಓದಿದ್ದಾರೆ.

ನಿಂಗಯ್ಯ ಜಗಲಿ ಸಾರಿಸಿ ದೀಪ ಹಚ್ಚಿ ಕೂತಿದ್ದ. ಪಕ್ಕದಲ್ಲಿ ಭಾವಮೈದ ಪುಟ್ಟಮಾದಪ್ಪ, ಹಿಮ್ಮೇಳಕ್ಕೆ. ಅವನಿಗೆ ಸಾಲಿನ ಕೊನೆಗೆ ಎಳೆಯುವ ಸೊಲ್ಲು ಮಾತ್ರ ಗೊತ್ತು, ಕಥೆ ಬರುವುದಿಲ್ಲ.

ಇವರ ಗುರುಮನೆಯ ಕಟ್ಟಳೆ: ವೀಳ್ಯ ಕೊಟ್ಟವರದು ಕಥೆ. ಅವರ ಎದುರಿಗೆ ಶುರುವಾದದ್ದು ಅವರ ಎದುರಿಗೇ ಮುಗಿಯಬೇಕು. ವೀಳ್ಯ ನನ್ನ ಕೈಯಲ್ಲಿತ್ತು. ಕೊಡಲು ಕೈ ಚಾಚಿದವನು ನಿಲ್ಲಿಸಿದೆ. ಕೇಳಲು ಬಂದವರು ಇವರು, ಕೊಡಬೇಕಾದವರೂ ಇವರೇ, ಕ್ರಮ ಅದು... ಅವರ ಕೈಗೆ ಇಟ್ಟೆ. ಅವರು ನಕ್ಕು ಕೊಟ್ಟರು.

ಎರಡು ಸ್ಪೂಲು ಟೇಪು ತಂದಿದ್ದರು. ಎರಡನೆಯದು ಮುಗಿಯುವ ಹೊತ್ತಿಗೆ ಹೊನ್ನಾಜಮ್ಮನನ್ನು ಅಣ್ಣಂದಿರು ಬಿದಿರು ಬುಟ್ಟಿಯಲ್ಲಿ ಕೂರಿಸಿ ಕಾವೇರಿಗೆ ಬಿಟ್ಟಿದ್ದರು. ಬುಟ್ಟಿ ನಡುಹೊಳೆಯಲ್ಲಿತ್ತು. ಷಡಕ್ಷರಿಯವರು ಕೈ ಎತ್ತಿದರು. "ಸಾಕು, ನಿಂಗಯ್ಯನವರೆ. ಅದ್ಭುತ."

"ಸಾಕಾ?" ಅಂದ ನಿಂಗಯ್ಯ. "ಇನ್ನೂ ಅರ್ಧ ಅದೆ ಸಾ. ಆ ಎಣ್ಣು ಮಗ ನೀರಲ್ಲವಳೆ."

"ಟೇಪ್ ಮುಗೀತು. ಮುಂದಿನ ತಿಂಗಳು ಬಂದು ತುಂಬಿಕೊಳ್ತೀನಿ."

ಪುಟ್ಟಮಾದಪ್ಪ ನಕ್ಕ: "ಅಲ್ಲೀಗಂಟ ಉಸ್ರು ಇಡ್ಕಂಡಿರು ಅಂತ ಏಳು ಬಾವ ಅವಳ್ಗೆ."

ನಿಂಗಯ್ಯ ನಗಲಿಲ್ಲ. ದೀಪವನ್ನು ಆರಿಸಲಿಲ್ಲ, ಒಳಗೆ ತೆಗೆದುಕೊಂಡು ಹೋದ.

೩೦-೧೧

ಷಡಕ್ಷರಿಯವರಿಗೆ ಎರಡು ಕಾಗದ ಹಾಕಿದೆ. ಉತ್ತರವಿಲ್ಲ.

೩-೧-೧೯೭೦

ಲೊಕ್ಕನಹಳ್ಳಿಗೆ ಹೋಗಿದ್ದೆ. ಸುಗ್ಗಿ. ಪ್ರತಿ ವರ್ಷ ಕಣದಿಂದ ಕಣಕ್ಕೆ ಹಾಡಿ ರಾಗಿ ತರುವ ನಿಂಗಯ್ಯ ಈ ಸಲ ಒಂದು ಕಣಕ್ಕೂ ಹೋಗಿಲ್ಲ. ಹೊಲ ಕಾಡಿನ ಅಂಚು. ಬೆಳೆದದ್ದನ್ನು ಆನೆ ತಿಂದು ಹೋಗಿದೆ. ಕಣದ ರಾಗಿಯೇ ಅವರ ವರ್ಷದ ಊಟ. ಹೆಂಡತಿ ಕೆಂಪಾಜಮ್ಮ ನನಗೆ ನೀರು ಕೊಡುವಾಗ ಮುಖ ನೋಡಲಿಲ್ಲ.

"ಬೇರೆ ಕಥೆ ಹಾಡಬಹುದಲ್ಲ, ನಿಂಗಯ್ಯ."

"ಎಂಗಾಡನೆ ಸಾ? ನಡು ಒಳೇಲಿ ಕೂರ್ಸ್‌ಬುಟ್ಟು ಬಂದೀನಿ ಅವಳ್ನ. ದಡ ಮುಟ್ಟುಸ್ದೆ ಇನ್ನೊಬ್ಬಳ ಮದ್ವೆ ಕಥೆ ಎತ್ಲಾ? ಬಾಯಿ ಬತ್ತದಾ?"

"ನನ್ನ ಎದುರಿಗೆ ಮುಗಿಸು. ನಾನೂ ಅಲ್ಲೇ ಕೂತಿದ್ದೆನಲ್ಲ."

"ನೀವು ಕೇಳ್ದೋರು ಸಾ. ವೀಳ್ಯ ಕೊಟ್ಟು ಏಳುಸ್ಕಂಡೋರು ಅವ್ರು. ವೀಳ್ಯ ನಿಮ್ಮ ಕೈಲೇ ಇತ್ತು... ನಾನು ನೋಡ್ದೆ."

ಅಷ್ಟೇ ಅಂದ. ದೂರುವ ದನಿಯಲ್ಲ.

ಒಳಗಿನಿಂದ ಕೆಂಪಾಜಮ್ಮ: "ಕೇಳೀ ಸ್ವಾಮ್ಯೋರೆ, ನಡು ಒಳೇಲಿ ಇರೋಳು ಅವಳೊಬ್ಬಳೇನಾ ಅಂತ ಕೇಳೀ ನಿಮ್ ಕಥೆಗಾರ್‍ನ."

೧೭-೨, ಮೈಸೂರು

ರಜೆ ಹಾಕಿ ಬಂದೆ. ಷಡಕ್ಷರಿಯವರು ಡಿಸೆಂಬರಿನಲ್ಲೇ ದೆಹಲಿಗೆ ಹೋಗಿದ್ದಾರೆ, ಕೆಲಸ ಸಿಕ್ಕಿ. ಅವರ ಕೋಣೆಯಲ್ಲಿ ಈಗ ಇನ್ನೊಬ್ಬರು. ಸ್ಪೂಲುಗಳನ್ನು ಕೇಳಿದೆ. ಹುಡುಕಿ ಕೊಟ್ಟರು, ಮೆಷಿನ್ನಿಗೂ ಹಾಕಿದರು. ಯಾರದೋ ಭಾಷಣ. ಕೆಮ್ಮು. ಚಪ್ಪಾಳೆ. ಎರಡನೆಯದರಲ್ಲೂ ಅದೇ ಭಾಷಣದ ಮುಂದಿನ ಭಾಗ.

"ಹಳೇದರ ಮೇಲೇ ತುಂಬ್ತೀವಿ ಸರ್, ಸ್ಪೂಲ್ ಸಿಗಲ್ಲ" ಅಂದರು. ವಿನಯವಾಗಿಯೇ.

ಷಡಕ್ಷರಿಯವರ ದೆಹಲಿ ವಿಳಾಸ ಬರೆದುಕೊಂಡೆ. ಸಬರ್ಬನ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಹೋಗಲು ಬಿಟ್ಟೆ.

೨೫-೩

ದೆಹಲಿಯಿಂದ ಕಾರ್ಡು. "ನಿಮ್ಮ ಪತ್ರ ಓದಿ ಬೇಸರವಾಯಿತು. ಸದ್ಯ ಬರಲಾಗದು. ಆತ ಬೇರೆಯವರ ಮುಂದೆ ಧಾರಾಳವಾಗಿ ಮುಗಿಸಲಿ, ನನ್ನ ಅಭ್ಯಂತರವಿಲ್ಲ. ಇಂಥ ನಂಬಿಕೆಗಳನ್ನು ನಮ್ಮಂಥವರು ಪೋಷಿಸಬಾರದು."

ನಾಲ್ಕು ವಾಕ್ಯ. ಒಂದರಲ್ಲೂ ತಪ್ಪು ಹುಡುಕಲು ಆಗಲಿಲ್ಲ.

೨೯-೩

ಕಾರ್ಡನ್ನು ನಿಂಗಯ್ಯನಿಗೆ ಓದಿ ಹೇಳಿದೆ. ಕೊನೆಯ ವಾಕ್ಯ ಬಿಟ್ಟು. ಒಂದು ಅಧ್ಯಾಯ ಬಿಟ್ಟವನ ಮೇಲೆ ಪತ್ರಿಕೆಗೆ ಬರೆದ ಮನುಷ್ಯ ನಾನು.

ಕಾರ್ಡು ಇಸಿದುಕೊಂಡು ತಿರುಗಿಸಿ ನೋಡಿದ. "ಅಭ್ಯಂತ್ರ ಅವ್ರ್‌ದಲ್ಲ ಸಾ" ಅಂದ. "ಅವಳ್ದು."

೭-೬

ಎರಡು ತಿಂಗಳಿಂದ ಒಂದು ಪುಸ್ತಕವನ್ನೂ ಮುಗಿಸಿಲ್ಲ. ಬಂಗಾಳಿಯಿಂದ ಬಂದ ಹೊಸ ಕಾದಂಬರಿ ಮೇಜಿನ ಮೇಲಿದೆ. ಎಲ್ಲರೂ ಒಳ್ಳೆಯದೆನ್ನುತ್ತಾರೆ. ಇಂದು ಮೇಷ್ಟ್ರೊಬ್ಬರು ಬಂದು, "ಏನಾದ್ರೂ ಒಳ್ಳೇದು ಹೇಳಿ ಸಾರ್, ಓದೋಕೆ" ಅಂದರು. ಗೊತ್ತಿಲ್ಲ ಅಂದೆ. ಇನ್ನು ಮೇಲೆ ಯಾರಿಗೂ ಯಾವುದನ್ನೂ ಸೂಚಿಸುವ ಧೈರ್ಯ ನನಗಿಲ್ಲ.

೨೧-೬, ಮಧ್ಯಾಹ್ನ

ಪುಟ್ಟಮಾದಪ್ಪ ವಾಚನಾಲಯಕ್ಕೆ ಬಂದಿದ್ದ. ಸಂತೆಗೆ ಬಂದವನು. ಬಾಗಿಲಲ್ಲೇ ನಿಂತ.

"ಬಾವ ಪದ ಮರೀತಾವ್ನೆ ಸಾ."

ಏನು ಎಂದೆ.

"ಬಾಯ್ಬುಟ್ಟು ಆಡಂಗಿಲ್ವಲ್ಲ, ಒಳಗೊಳಗೇ ಏಳ್ಕತಾನೆ. ಮೊನ್ನೆ ದನ ಅಟ್ಟೀಗೆ ಒಡ್ಕಂಡು ಬತ್ತಾ ನನ್ನೇ ಕೇಳ್ತಾನೆ, 'ಲೇ ಮಾದಪ್ಪ, ಬುಟ್ಟಿ ಮುಟ್ಟಿದ್ದು ಎಡದ ದಡಕ್ಕಾ ಬಲದ್ದಕ್ಕಾ' ಅಂತ. ನಂಗೇನ್ ಗೊತ್ತು ಸಾ? ನಾನು ಸೊಲ್ಲು ಎಳ್ಯೋನು. ಎಡಕ್ಕೆ ಅಂದೆ, ಸುಮ್ಗೆ. ಅತ್ಬುಟ್ಟ ಕಣ್ಸಾ. ಕಥೆಲಿ ಅಳ್ದೇ ಇದ್ದೋನು."

ಕೂರು ಅಂದರೂ ಕೂರಲಿಲ್ಲ.

"ಆ ಟೇಪಿನ ಮಾರಾಯ ಸತ್ತಾದ್ರೂ ಓಗಿದ್ರೆ ಸಲೀಸಾಗದು."

"ಅಂದರೆ?"

"ಸತ್ತೋರ್ಗೆ ಕಟ್ಟಳೆ ಬುಡುಗಡೆ ಅಲ್ವಾ? ಅವ್ರ ಎಸ್ರಲ್ಲಿ ಎಡೆ ಎಲೆ ಮಡುಗಿ, ಆ ಎಲೆಗೇ ಏಳಿ ಮುಗುಸ್ತೀವಿ. ನಮ್ಮಪ್ಪನ ಕಾಲ್ದಲ್ಲಿ ಒಂದ್ಸಲ ಅಂಗೇ ಆಗಿತ್ತು." ಆಮೇಲೆ ನಕ್ಕ. "ಬುಡಿ ಸಾ, ದಿಲ್ಲಿಲಿ ಉಂಡ್ಕಂಡು ದುಂಡಗವ್ರೆ ಅಂತೀರಿ."

ಅವನು ಹೋದ ಮೇಲೆ ಬಾಗಿಲು ಎಳೆದುಕೊಂಡೆ. ಮುಚ್ಚುವ ಸಮಯಕ್ಕೆ ಇನ್ನೂ ಎರಡು ಗಂಟೆ ಇತ್ತು.

೨೨-೬, ಸಂಜೆ ೫

ಇಡೀ ದಿನ ಯೋಚಿಸಿದೆ. ಬೇರೆ ದಾರಿ ಇಲ್ಲ.

ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಒಂದೇ ವಾಕ್ಯ: ಷಡಕ್ಷರಿಯವರು ತೀರಿಕೊಂಡರು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಸ್ಸು ಹೆಚ್ಚು ಎನ್ನುತ್ತಾರೆ. ಅವರಿಗೇನೂ ನಷ್ಟವಿಲ್ಲ. ನಿಂಗಯ್ಯ ದುಃಖಪಡುತ್ತಾನೆ. ಬದುಕಿರುವ ಮನುಷ್ಯನಿಗೆ ಎಲೆ ಇಟ್ಟು, ಆ ಎಲೆಯ ಎದುರು ಕೂತು, ಬುಟ್ಟಿಯನ್ನು ದಡಕ್ಕೆ ತರುತ್ತಾನೆ... ಉಳಿದಷ್ಟನ್ನು. ಉಳಿದಿದ್ದರೆ. ಮುಗಿದ ಮೇಲೆ ನಿಜ ಹೇಳಬಾರದು. ಎಂದೂ.

ಒಂದು ವಾಕ್ಯವನ್ನು ಹತ್ತು ಸಲ ಬಾಯಲ್ಲಿ ಹೇಳಿ ನೋಡಿದೆ. ಕೇಳುತ್ತಾನೆ, ಏನಾಗಿತ್ತು ಅಂತ. ಜ್ವರ. ಎಲ್ಲಿ? ದೆಹಲಿಯಲ್ಲಿ, ಆಸ್ಪತ್ರೆಯಲ್ಲಿ. ಯಾವತ್ತು? ಕೇಳೇ ಕೇಳುತ್ತಾನೆ, ಎಲೆ ಇಡಲು ದಿನ ಬೇಕು. ಒಂದು ತಾರೀಖು ಗೊತ್ತು ಮಾಡಬೇಕು. ಏಪ್ರಿಲ್ ಆಗದು, ಮಾರ್ಚ್ ಕೊನೆಗೆ ಕಾರ್ಡು ಬಂದಿದೆ, ತೀರಾ ಹತ್ತಿರ. ಮೇ. ಮೇ ಹತ್ತೊಂಬತ್ತು... ಅಲ್ಲ —